ಭಾವನ ಜೀಪು ಮೂರಿಂಚು ಏರಿ ಇಳಿದದ್ದು

ನಮ್ಮ ಗಡಿನಾಡಿನ ಗುಡ್ಡೆಬದಿಯ ಮನೆಗಳಲ್ಲಿ ಜೀಪು ಮನೆಯ ಆಳುಗಳ ಲೆಕ್ಕಕ್ಕೆ ಸೇರಿದ್ದು. ಅಡಿಕೆ ಮೂಟೆ ಹೊರುವುದು, ಗೊಬ್ಬರ ತರುವುದು, ಮದುವೆ ಮನೆಗೆ ಪಾತ್ರೆ ಸಾಗಿಸುವುದು, ನಡುರಾತ್ರಿ ಹೆರಿಗೆ ನೋವು ತಿನ್ನುವ ಹೆಂಗಸನ್ನು ಮಂಗಳೂರಿಗೆ ಮುಟ್ಟಿಸುವುದು, ಎಲ್ಲವೂ ಅದರದೇ ಪಾಲು. 1940ರ ದಶಕದ ಕೊನೆಗೆ ಮುಂಬಯಿಯ ಮಹೀಂದ್ರ ಕಂಪೆನಿಯವರು ಅಮೇರಿಕದ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸಲು ತೊಡಗಿದರು. ಯುದ್ಧಭೂಮಿಗೆಂದು ಹುಟ್ಟಿದ ಆ ಗಾಡಿ ನಮ್ಮಲ್ಲಿ ತೋಟಕ್ಕೆ ಇಳಿಯಿತು. ನಾನು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ಟ್ರಿಪ್ ಜೀಪುಗಳ ಹಿಂದೆ ಕಾಲೂರಲು ಒಂದು ಕಂಬಿ ಸಿಕ್ಕರೆ ಅದೇ ಸೀಟು. ಒಳಗೆ ಎಷ್ಟು ಮಂದಿ, ಹೊರಗೆ ಎಷ್ಟು ಮಂದಿ ಎಂದು ಎಣಿಸಿ ಮುಗಿಸಿದವರನ್ನು ನಾನು ಕಂಡಿಲ್ಲ.

ಇಂಥ ಜೀಪನ್ನು ಇನ್ನಷ್ಟು ಎತ್ತರ ಮಾಡುವ ಒಂದು ಹುಚ್ಚು ಈಚೆಗೆ ಹುಡುಗರಲ್ಲಿ ಹಬ್ಬಿದೆ. ಅದಕ್ಕೆಂದೇ ಸಾಮಾನುಗಳ ಒಂದು ಕಟ್ಟು ಮಾರಾಟಕ್ಕೆ ಸಿಗುತ್ತದೆ. ‘ಲಿಫ್ಟ್ ಕಿಟ್’ ಎಂದು ಹೆಸರು. ಗ್ಯಾರೇಜಿಗೆ ಹೋಗಬೇಕೆಂದಿಲ್ಲ, ಮನೆಯ ಅಂಗಳದಲ್ಲೇ ಹಾಕಿಕೊಳ್ಳಬಹುದು ಎಂಬುದು ಮಾರುವವರ ಮಾತು. ಆ ಮಾತನ್ನು ನಂಬಿ 2024ರ ಕ್ರಿಸ್ಮಸ್ ರಜೆಯಲ್ಲಿ ನಮ್ಮ ಅಕ್ಕನ ಮನೆಯ ಅಂಗಳದಲ್ಲಿ ನಡೆದ ಕೆಲಸಕ್ಕೆ ನಾನು ಅರ್ಧ ಸಾಕ್ಷಿ, ಅರ್ಧ ಪಾಲುದಾರ. ಜೀಪಿರುವ ಮನೆಗಳು ನಮ್ಮ ಓದುಗರಲ್ಲಿ ಬಹಳ ಇರುವುದರಿಂದಲೂ, ಆ ಮನೆಗಳಲ್ಲಿ ಇಪ್ಪತ್ತೈದರ ಹರೆಯದ ಹುಡುಗರು ಇದ್ದೇ ಇರುವುದರಿಂದಲೂ ಇದನ್ನು ಬರೆಯುತ್ತಿದ್ದೇನೆ.

ಅಕ್ಕನ ಮನೆ ಪೆರ್ಲದಿಂದ ಒಳಗೆ. ಟಾರು ರಸ್ತೆ ಬಿಟ್ಟ ಮೇಲೆ ಮುಕ್ಕಾಲು ಕಿಲೋಮೀಟರು ಇಳಿಜಾರು, ಕೆಂಪು ಮಣ್ಣಿನ ದಾರಿ. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ. ಆಟಿ ತಿಂಗಳು ಕಳೆಯುವಾಗ ಚಕ್ರ ಓಡುವ ಎರಡು ಸಾಲು ಕೊರೆದು ಚರಂಡಿಯಾಗಿ, ನಡುವಿನ ದಿಣ್ಣೆ ಮೀನಿನ ಬೆನ್ನಿನಂತೆ ಎದ್ದು ನಿಲ್ಲುತ್ತದೆ. ಭಾವನದು 1995ರ ಎಂ.ಎಂ. 540 ಜೀಪು. ಪ್ಯೂಜೊ ವಿನ್ಯಾಸದ ಡೀಸೆಲ್ ಇಂಜಿನು, ನಾಲ್ಕು ಚಕ್ರಕ್ಕೂ ಪ್ಲೇಟಿನ ಸ್ಪ್ರಿಂಗು. ಎರಡು ಮಳೆಗಾಲದಿಂದ ಅದರ ಅಡಿಭಾಗ ಆ ದಿಣ್ಣೆಗೆ ಉಜ್ಜಿ ‘ಕರ್’ ಎನ್ನುತ್ತಿತ್ತು. ಜೊತೆಗೆ ಹಿಂದಿನ ಬಲಬದಿ ಕುಸಿದು, ಖಾಲಿ ನಿಂತಾಗಲೂ ಒಂದು ಕಡೆಗೆ ಮೂಟೆ ಹೇರಿದಂತೆ ಕಾಣುತ್ತಿತ್ತು.

ಅಳಿಯ ಡಿಪ್ಲೊಮಾ ಓದಿ ಎರಡು ವರ್ಷ ಬೆಂಗಳೂರಿನಲ್ಲಿದ್ದು ಮರಳಿ ತೋಟಕ್ಕೆ ಬಂದವನು. ಕೈಕೆಲಸದಲ್ಲಿ ಜಾಣ. ಅಪ್ಪನಿಗೆ ಹೇಳದೆ ಇಪ್ಪತ್ತೆಂಟು ಸಾವಿರ ರೂಪಾಯಿ ಕೊಟ್ಟು ಕಿಟ್ ತರಿಸಿದ. ಲಾರಿ ಕಚೇರಿಯಿಂದ ಅದನ್ನು ತಂದದ್ದೂ ಆ ಜೀಪಿನಲ್ಲೇ. ನನಗೆ ಫೋನು ಬಂತು: “ಮಾವ, ರಜೆಯಲ್ವಾ, ಎರಡು ದಿನ ಇಲ್ಲಿಗೆ ಬನ್ನಿ. ಬೋಲ್ಟು ಬಿಚ್ಚಿ ಬೋಲ್ಟು ಹಾಕುವ ಕೆಲಸ ಅಷ್ಟೆ. ಸ್ಪಾನರು ಎತ್ತಿ ಕೊಡ್ಲಿಕ್ಕೆ ಒಬ್ಬರು ಬೇಕು.”

ಡಿಸೆಂಬರ ಎಂದರೆ ಅಂಗಳ ತುಂಬ ಅಡಿಕೆ. ಒಂದು ಮೂಲೆಯ ಅಡಿಕೆಯನ್ನು ಒತ್ತರಿಸಿ ಜೀಪು ನಿಲ್ಲಿಸಿದ್ದನ್ನು ಕಂಡ ಭಾವ ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು: “ಇದ್ದ ಎತ್ತರಕ್ಕೆ ಎಂಥ ಆಗಿದೆ ಈಗ?” ಅಳಿಯ ಉತ್ತರ ಕೊಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಆ ಮನೆಯಲ್ಲಿ ಅಪ್ಪ ಮಗನ ಮಾತುಕತೆ ಇರುವುದೇ ಹಾಗೆ.

ಕಟ್ಟಿನೊಳಗೆ ಏನಿತ್ತು?

ಗೋಣಿ ಬಿಚ್ಚಿದಾಗ ಮೊದಲು ಕಂಡದ್ದು ಕಪ್ಪು ಬಣ್ಣ ಹಚ್ಚಿದ ನಾಲ್ಕು ಜೋಡಿಸಿದ ಸ್ಪ್ರಿಂಗುಗಳು. ಹಳೆಯ ಪ್ಲೇಟುಗಳಿಗಿಂತ ಇವುಗಳ ಬಾಗು ಹೆಚ್ಚು. ಬಿಲ್ಲನ್ನು ಹೆಚ್ಚು ಬಗ್ಗಿಸಿದರೆ ಅದರ ತುದಿಗಳು ನಡುವಿಗಿಂತ ಮೇಲೆ ಬರುವಂತೆ, ಪ್ಲೇಟು ಹೆಚ್ಚು ಬಾಗಿದ್ದರೆ ಅದರ ಎರಡು ತುದಿಗೆ ತೂಗುಬಿದ್ದ ಚಾಸಿ ಮೇಲೇರುತ್ತದೆ. ಇದರಿಂದ ಎರಡಿಂಚು. ಉಳಿದ ಒಂದಿಂಚು ಶಾಕಲಿನಿಂದ. ಪ್ಲೇಟಿನ ಒಂದು ತುದಿಯನ್ನು ಚಾಸಿಗೆ ಕೂಡಿಸುವ, ಉಯ್ಯಾಲೆಯಂತೆ ಹಿಂದೆ ಮುಂದೆ ಆಡುವ ಕಬ್ಬಿಣದ ಜೋಡಿ ಪಟ್ಟಿಗೆ ಶಾಕಲ್ ಎಂದು ಹೆಸರು. ಕಿಟ್ಟಿನದು ಮೂಲಕ್ಕಿಂತ ಎರಡಿಂಚು ಉದ್ದ. ಎರಡಿಂಚು ಉದ್ದವಾದರೆ ಏರುವುದು ಒಂದೇ ಇಂಚು ಏಕೆ ಎಂದು ಕೇಳುವವರುಂಟು. ಪ್ಲೇಟಿನ ಇನ್ನೊಂದು ತುದಿ ಕದಲುವುದಿಲ್ಲ, ಎಕ್ಸೆಲ್ ಇರುವುದು ನಡುವಿನಲ್ಲಿ. ಬೆಂಚಿನ ಒಂದು ತುದಿಯನ್ನು ಎರಡಡಿ ಎತ್ತಿದರೆ ನಡುಭಾಗ ಒಂದಡಿಯಷ್ಟೇ ಏಳುವುದನ್ನು ನಾವೆಲ್ಲ ಕಂಡಿದ್ದೇವಲ್ಲ. ಹಾಗೆ ಒಟ್ಟು ಮೂರಿಂಚು. ಇವಲ್ಲದೆ ಉದ್ದದ ನಾಲ್ಕು ಶಾಕ್ ಅಬ್ಸಾರ್ಬರು, ಹೊಸ ಯು ಬೋಲ್ಟುಗಳು, ರಬ್ಬರ್ ಬುಶ್‌ಗಳು, ಕಬ್ಬಿಣದ ಎರಡು ಜೊತೆ ಬೆಣೆ. ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ. ಆ ಹಾಳೆಯಲ್ಲಿ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚು ಎಂಬುದು ಆಮೇಲೆ ತಿಳಿಯಿತು.

ಮೊದಲನೆಯ ದಿನ ಬೆಳಗಿನಿಂದ ಮಧ್ಯಾಹ್ನದ ವರೆಗೆ ನಾವು ಮಾಡಿದ ಕೆಲಸ ಒಂದೇ, ತುಕ್ಕಿನ ಜೊತೆ ಜಗಳ. ಮೂವತ್ತು ಮಳೆಗಾಲದ ನೀರು ಕುಡಿದ ಬೋಲ್ಟುಗಳು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹನಿಸಿ ಇಟ್ಟಿದ್ದರೂ ಎರಡು ಶಾಕಲ್ ಬೋಲ್ಟುಗಳು ಕದಲಲಿಲ್ಲ. ಸ್ಪಾನರಿಗೆ ಕಬ್ಬಿಣದ ಕೊಳವೆ ತೂರಿಸಿ ಇಬ್ಬರೂ ಜೋತುಬಿದ್ದಾಗ ಒಂದು ಬಿಟ್ಟಿತು, ಇನ್ನೊಂದು ಮುರಿಯಿತು. ಮುರಿದದ್ದನ್ನು ಗರಗಸದಿಂದ ಕೊಯ್ದು ಉಳಿಯಿಟ್ಟು ಹೊಡೆದು ತೆಗೆಯುವಾಗ ಊಟದ ಹೊತ್ತು ಮೀರಿತ್ತು.

ಕೆಂಪುಕಲ್ಲಿನ ಮೇಲೆ ನಿಂತ ಜೀಪು

ಕೆಲಸದ ಕ್ರಮ ಅಳಿಯನಿಗೆ ಗೊತ್ತಿತ್ತು. ಮುಂದಿನ ಚಕ್ರಗಳ ಹಿಂದೆ ಮುಂದೆ ಮರದ ಅಡ್ಡೆ ಇಡಬೇಕು. ಜ್ಯಾಕಿಯಿಂದ ಹಿಂಭಾಗ ಎತ್ತಿ, ಚಾಸಿಯ ಅಡಿಗೆ ಎರಡು ಕಡೆಗೂ ಸ್ಟ್ಯಾಂಡು ಕೊಡಬೇಕು. ಜ್ಯಾಕಿ ಎತ್ತುವುದಕ್ಕೆ ಇರುವುದು, ಹೊತ್ತು ನಿಲ್ಲುವುದಕ್ಕಲ್ಲ. ಚಕ್ರ ಬಿಚ್ಚಿದ ಮೇಲೆ ಇನ್ನೊಂದು ಜ್ಯಾಕಿಯನ್ನು ಎಕ್ಸೆಲಿನ ಅಡಿಗೆ ಕೊಟ್ಟು, ಒಮ್ಮೆಗೆ ಒಂದು ಬದಿಯ ಪ್ಲೇಟು ಮಾತ್ರ ಬಿಚ್ಚಬೇಕು. ಎರಡೂ ಬದಿ ಒಟ್ಟಿಗೆ ಬಿಚ್ಚಿದರೆ ಎಕ್ಸೆಲ್ ಉರುಳಿ ಎಲ್ಲಿಗೋ ಹೋಗುತ್ತದೆ.

ಇಷ್ಟೆಲ್ಲ ಗೊತ್ತಿದ್ದರೂ ಸ್ಟ್ಯಾಂಡು ಇದ್ದದ್ದು ಒಂದೇ. ಎಡಕ್ಕೆ ಅದನ್ನು ಕೊಟ್ಟು, ಬಲಕ್ಕೆ ಕೊಟ್ಟಿಗೆಯ ಬದಿಯಲ್ಲಿ ಮಿಕ್ಕಿ ಬಿದ್ದಿದ್ದ ಕೆಂಪುಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಮೇಲೆ ಒಂದು ಹಲಗೆಯ ತುಂಡು ಇಟ್ಟೆವು. ನಾನೂ ಕಲ್ಲು ಹೊತ್ತು ಕೊಟ್ಟವನೇ ಆದ್ದರಿಂದ ತಪ್ಪಿನಲ್ಲಿ ನನಗೂ ಪಾಲುಂಟು. ನಮ್ಮ ಮನೆಗಳೆಲ್ಲ ಆ ಕಲ್ಲಿನಲ್ಲೇ ನಿಂತಿವೆ, ಜೀಪು ನಿಲ್ಲದೇ ಎಂಬುದು ನಮ್ಮ ತರ್ಕ. ಗೋಡೆಯಲ್ಲಿ ಭಾರ ಕಲ್ಲಿನ ಮೈತುಂಬ ಹರಡಿ ಬೀಳುತ್ತದೆ. ಇಲ್ಲಿ ಟನ್ನಿಗೂ ಮಿಕ್ಕಿದ ಗಾಡಿಯ ಪಾಲು ಭಾರ ಅಂಗೈ ಅಗಲದ ಕಬ್ಬಿಣದ ಅಂಚಿನಲ್ಲಿ ಬೀಳುವುದು. ಕೆಂಪುಕಲ್ಲಿನ ಒಳಗೆಲ್ಲ ತೂತು. ಒಮ್ಮೆ ಬಿರುಕು ಹಿಡಿದರೆ ಅದು ಬಾಗುವುದೂ ಇಲ್ಲ, ಮುನ್ಸೂಚನೆ ಕೊಡುವುದೂ ಇಲ್ಲ.

ಚಕ್ರ ಬಿಚ್ಚಿ ಬದಿಗೆ ಉರುಳಿಸುತ್ತಿದ್ದಾಗ ಜಗಲಿಯಿಂದ ಭಾವನ ಸ್ವರ ಕೇಳಿತು: “ಅದನ್ನು ಚಾಸಿ ಅಡಿಗೆ ದೂಡಿ ಹಾಕು.” ಅಳಿಯನಿಗೆ ಮನಸ್ಸಿರಲಿಲ್ಲ, ಕೈಯಾಡಿಸಲು ಅಡ್ಡವಾಗುತ್ತದೆ ಎಂದ. “ಹಾಕು ಅಂದೆ,” ಎಂದರು ಅವರು. ಹಾಕಿದ.

ಮೂರು ಗಂಟೆಯ ಹೊತ್ತಿಗೆ ಯು ಬೋಲ್ಟು ಬಿಚ್ಚುವಾಗ ಅಳಿಯನ ಹೆಗಲು ಜೀಪಿನ ಅಡಿಯಲ್ಲಿತ್ತು. ನಾನು ಸ್ಪಾನರು ಹಿಡಿದು ಕುಕ್ಕುರು ಕುಳಿತಿದ್ದೆ. ತೆಂಗಿನ ಗೆರಟೆ ಒಡೆದಂತೆ ಒಂದು ಸದ್ದು. ಅಷ್ಟೇ. ಮೇಲಿನ ಕಲ್ಲು ಇಬ್ಭಾಗವಾಗಿ, ಹಲಗೆ ಜಾರಿ, ಜೀಪಿನ ಬಲಬದಿ ಕುಸಿದು ಅಡಿಗೆ ದೂಡಿದ್ದ ಆ ಚಕ್ರದ ಮೇಲೆ ಕುಳಿತಿತು. ಚಕ್ರದ ದಪ್ಪದಷ್ಟು ಸಂದು ಉಳಿದದ್ದರಿಂದ ಹುಡುಗ ತಲೆ ಹೆಗಲು ಎರಡನ್ನೂ ಹಿಂದೆಳೆದುಕೊಂಡು ಹೊರಬಂದ. ಮೊಣಕೈಯ ಚರ್ಮ ಸುಲಿದಿತ್ತು, ಬೇರೇನೂ ಇಲ್ಲ.

ಯಾರೂ ಮಾತಾಡಲಿಲ್ಲ. ಒಳಗಿನಿಂದ ಓಡಿ ಬಂದ ಅಕ್ಕ ಮಗನ ಕೈ ಹಿಡಿದು ತಿರುವಿ ತಿರುವಿ ನೋಡಿದಳು. ಭಾವ ಎದ್ದು ಬಂದು, ಚಕ್ರದ ಮೇಲೆ ಕುಳಿತ ಚಾಸಿಯನ್ನು ನೋಡಿ, ಒಳಗೆ ಹೋಗಿ ಮಲಗಿಕೊಂಡರು. ಆ ದಿನ ಮತ್ತೆ ಕೆಲಸ ಆಗಲಿಲ್ಲ. ಮರುದಿನ ಬೆಳಿಗ್ಗೆ ನಾನೇ ಕಾಸರಗೋಡಿಗೆ ಹೋಗಿ ಕಬ್ಬಿಣದ ಮೂರು ಸ್ಟ್ಯಾಂಡು ತಂದೆ. ಇಪ್ಪತ್ತೆಂಟು ಸಾವಿರದ ಕಿಟ್ಟಿಗೆ ಮೊದಲೇ ಎರಡು ಸಾವಿರದ ಸ್ಟ್ಯಾಂಡು ತರಬೇಕೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಮುರಿದ ಪ್ಲೇಟು

ಎರಡನೆಯ ದಿನ ಹಿಂದಿನ ಬಲದ ಹಳೆ ಪ್ಲೇಟು ಕೆಳಗಿಳಿದಾಗ ಒಂದು ಸಂಗತಿ ಗೊತ್ತಾಯಿತು. ಮೇಲಿನಿಂದ ಮೂರನೆಯ ಪ್ಲೇಟು ಸೆಂಟರ್ ಬೋಲ್ಟಿನ ತೂತಿನಲ್ಲೇ ಮುರಿದು ಎರಡು ತುಂಡಾಗಿತ್ತು. ಕ್ಲಿಪ್ಪು ಹಿಡಿದುಕೊಂಡಿದ್ದುದರಿಂದ ಬಿದ್ದುಹೋಗದೆ ನಿಂತಿದೆ, ಕೆಲಸ ಮಾತ್ರ ಮಾಡುವುದಿಲ್ಲ. ಮುರಿದ ಮುಖ ಪೂರಾ ಕಪ್ಪಾಗಿದ್ದುದರಿಂದ ಬಹಳ ಹಿಂದಿನದೇ ಇರಬೇಕು. ಒಂದು ಬದಿ ಕುಸಿದದ್ದರ ಗುಟ್ಟು ಇದು. ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಕಂಪೆನಿಯ ಅಳತೆಯ ಪ್ಲೇಟು ತಂದು ಹಾಕಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ. “ಹೊಸ ಪ್ಲೇಟು ಹೇಗೂ ಬಂದಾಯ್ತಲ್ಲ ಮಾವ,” ಎಂದ ಅಳಿಯ. ನಾನೂ ತಲೆಯಾಡಿಸಿದೆ.

ಜೋಡಿಸುವ ಕೆಲಸ ಬಿಚ್ಚುವುದಕ್ಕಿಂತ ಹಗುರ, ಆದರೆ ಕಣ್ಣು ತಪ್ಪಬಾರದು. ಈ ಜೀಪಿನಲ್ಲಿ ಪ್ಲೇಟು ಇರುವುದು ಎಕ್ಸೆಲಿನ ಅಡಿಯಲ್ಲಿ. ಸೆಂಟರ್ ಬೋಲ್ಟಿನ ತಲೆ ಎಕ್ಸೆಲಿನ ಪೀಠದ ತೂತಿನೊಳಗೆ ಸರಿಯಾಗಿ ಕೂರಬೇಕು. ಕೂರದೆ ಯು ಬೋಲ್ಟು ಬಿಗಿದರೆ ಎಕ್ಸೆಲ್ ಓರೆಯಾಗಿ ಜೀಪು ನಾಯಿಯ ಹಾಗೆ ಅಡ್ಡಡ್ಡ ಓಡುತ್ತದೆ. ಹಳೆಯ ಯು ಬೋಲ್ಟನ್ನು ಮತ್ತೆ ಹಾಕಬಾರದು, ಅದು ಒಮ್ಮೆ ಎಳೆದು ಸೊರಗಿದ್ದು. ನಾಲ್ಕು ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಮೂಲೆಯಿಂದ ಮೂಲೆಗೆ, ಸಮನಾಗಿ ಬಿಗಿಯುತ್ತ ಬರಬೇಕು. ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು ಮಾತ್ರ ಕೈಬಿಗಿಯಲ್ಲಿ ಬಿಟ್ಟು, ಜೀಪು ತನ್ನ ಚಕ್ರಗಳ ಮೇಲೆ ಇಳಿದು ನಿಂತ ಮೇಲೆ ಪೂರಾ ಬಿಗಿಯಬೇಕು. ತೂಗಾಡುವಾಗಲೇ ಬಿಗಿದರೆ ಇಳಿಸಿದ ಕ್ಷಣ ರಬ್ಬರು ತಿರುಚಿಕೊಂಡು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಇದು ಆ ಇಂಗ್ಲಿಷ್ ಹಾಳೆಯಲ್ಲಿ ಇರಲಿಲ್ಲ. ಪೆರ್ಲದ ಪೇಟೆಯಲ್ಲಿ ಚಹಾ ಕುಡಿಯುತ್ತಿದ್ದ ಒಬ್ಬ ಹಳೆಯ ಬಸ್ಸು ಮೆಕ್ಯಾನಿಕ್ ಹೇಳಿದ್ದು. ನೂರು ಕಿಲೋಮೀಟರು ಓಡಿದ ಮೇಲೆ ಯು ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಲೇಬೇಕೆಂದೂ ಅವರೇ ಹೇಳಿದರು. ಹೊಸ ಪ್ಲೇಟುಗಳ ನಡುವಿನ ಬಣ್ಣ ಸವೆದು ಸಂದು ಬಿಡುತ್ತದಂತೆ.

ನಾಲ್ಕನೆಯ ದಿನ ಸಂಜೆ ಜೀಪು ಎದ್ದು ನಿಂತಿತು. ಚೆಂದ ಕಾಣುತ್ತಿತ್ತೆಂಬುದನ್ನು ಒಪ್ಪಬೇಕು. ಭಾವನೂ ಒಂದು ಸುತ್ತು ಬಂದು ನೋಡಿದರು.

ಅಜ್ಜಿಗೆ ಏಣಿ

ಮೊದಲ ಪರೀಕ್ಷೆ ಮನೆಯೊಳಗಿನಿಂದಲೇ ಬಂತು. ಭಾವನ ತಾಯಿಗೆ ಎಂಬತ್ತಮೂರು ವರ್ಷ. ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರುವವರು. ಕಾಸರಗೋಡಿನ ಕನ್ನಡಿಗರು ಕಾಯಿಲೆ ಬಿದ್ದರೆ ತಲೆ ತಿರುಗುವುದು ಉತ್ತರಕ್ಕೇ ಎಂಬುದು ಹೊಸ ಮಾತಲ್ಲ. 2020ರ ಮಾರ್ಚಿಯಲ್ಲಿ ಗಡಿರಸ್ತೆಗಳಿಗೆ ಮಣ್ಣಿನ ರಾಶಿ ಸುರಿದು ಮುಚ್ಚಿದಾಗ ಅಜ್ಜಿಯ ಮದ್ದಿಗಾಗಿ ಈ ಜೀಪು ಮೂರು ದಾರಿ ಹಿಡಿದು ಮೂರರಿಂದಲೂ ಹಿಂದೆ ಬಂದಿತ್ತು. ಆ ರಾಶಿ ದಾಟಿಸುವ ಕಿಟ್ ಯಾವ ಅಂಗಡಿಯಲ್ಲೂ ಇಲ್ಲ. ಇರಲಿ.

ಅಜ್ಜಿ ಬಂದು ಜೀಪಿನ ಮೆಟ್ಟಿಲು ನೋಡಿದರು. ಕಾಲೆತ್ತಿ ಸೀರೆ ಹಿಡಿದು ಪ್ರಯತ್ನಿಸಿದರು. ಮೂರಿಂಚು ಎಂದರೆ ನಮಗೆ ಮೂರು ಬೆರಳಿನಷ್ಟು ದಪ್ಪದ ಮಾತು. ಸವೆದ ಮೊಣಕಾಲಿಗೆ ಅದೇ ಮಾಳಿಗೆ. “ಇದೆಂಥದು ಮಗೂ, ಆನೆಯಾ? ಆನೆಗಾದ್ರೆ ಅದು ತಾನೇ ಬಗ್ಗಿ ಹತ್ತಿಸಿಕೊಳ್ತದೆ,” ಎಂದರು. ಅಕ್ಕ ಹಾಲು ಕರೆಯುವ ಮಣೆಯನ್ನು ತಂದಿಟ್ಟಳು. ಅದರ ಮೇಲೆ ಹತ್ತಿ, ಇಬ್ಬರು ಹಿಡಿದು, ಅಜ್ಜಿ ಒಳಗೆ ಕುಳಿತರು. ಇಳಿಯುವಾಗ ಆ ಮಣೆ ಮಂಗಳೂರಿಗೂ ಬರಬೇಕಲ್ಲ ಎಂದು ಅವರೇ ನೆನಪಿಸಿದರು.

ಎರಡನೆಯ ಪರೀಕ್ಷೆ ಅದೇ ಇಳಿಜಾರಿನ ದಾರಿಯಲ್ಲಿ. ಅಜ್ಜಿಯನ್ನು ಇಳಿಸಿ ಅಳಿಯ ಮತ್ತು ನಾನು ಟಾರು ರಸ್ತೆಯ ವರೆಗೆ ಹೊರಟೆವು. ತಿರುವಿನ ಬಳಿ, ಮೀನಿನ ಬೆನ್ನಿನ ಮೇಲೆ, ಅದೇ ಜಾಗದಲ್ಲಿ, ಅದೇ ‘ಕರ್’!

ಅಳಿಯ ಇಂಜಿನು ನಿಲ್ಲಿಸಿ ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಇಳಿದು ಬಗ್ಗಿ ನೋಡಿದಾಗ ಸಂಗತಿ ಬೆಳಕಿನಷ್ಟು ಸ್ಪಷ್ಟ. ಉಜ್ಜುತ್ತಿದ್ದದ್ದು ಚಾಸಿಯಲ್ಲ, ಎಕ್ಸೆಲಿನ ನಡುವಿನ ಡಿಫರೆನ್ಶಿಯಲ್ ಗಡ್ಡೆ. ಅದು ಎರಡು ಚಕ್ರಗಳ ನಡುವೆ ನೇರ ಕೂತಿರುವ ವಸ್ತು. ಪ್ಲೇಟು ಬದಲಾಯಿಸಿದರೆ ಪ್ಲೇಟಿನ ಮೇಲಿರುವುದು ಏರುತ್ತದೆ. ಎಕ್ಸೆಲ್ ಏರಬೇಕಾದರೆ ಚಕ್ರವೇ ದೊಡ್ಡದಾಗಬೇಕು. ನಾಲ್ಕು ದಿನ ಸ್ಪಾನರು ಹಿಡಿದ ಇಬ್ಬರಲ್ಲಿ ಒಬ್ಬನಾದರೂ ಕೆಲಸಕ್ಕೆ ಮೊದಲು ಬಗ್ಗಿ ನೋಡಿದ್ದರೆ ಸಾಕಿತ್ತು. ನಾನು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ‘ಮೊದಲು ಪ್ರಶ್ನೆ ಸರಿಯಾಗಿ ಓದಿ’ ಎಂದು ಹೇಳುತ್ತ ಬಂದವನು.

ಟಾರು ರಸ್ತೆಗೆ ಹತ್ತದೆ ಅಲ್ಲಿಂದಲೇ ಹಿಂದೆ ಬಂದೆವು. ಬರುವಾಗ ಇನ್ನೆರಡು ದೋಷ ಕಂಡವು. ತಿರುಗಿಸಿದ ಸ್ಟೇರಿಂಗು ತಾನಾಗಿ ನೇರಕ್ಕೆ ಮರಳುತ್ತಿರಲಿಲ್ಲ. ಶಾಕಲ್ ಉದ್ದವಾದಾಗ ಮುಂದಿನ ಎಕ್ಸೆಲ್ ಕೊಂಚ ವಾಲಿ, ಚಕ್ರಗಳನ್ನು ನೇರಕ್ಕೆ ತರುವ ಓರೆ ಕಡಿಮೆಯಾಗಿತ್ತು. ಆ ಬೆಣೆಗಳು ಇದಕ್ಕೆಂದೇ ಇದ್ದವು, ನಾವು ಹಿಂದುಮುಂದಾಗಿ ಹಾಕಿದ್ದೆವೆಂದು ನನ್ನ ಅನುಮಾನ. ಇನ್ನು ಗಿಯರು ಏರಿಸಿ ವೇಗ ಹೆಚ್ಚಿಸಿದಾಗ ಅಡಿಯಿಂದ ಒಂದು ಗುಂಯ್‌ಗುಟ್ಟುವ ನಡುಕ. ಗಿಯರ್ ಪೆಟ್ಟಿಗೆಯಿಂದ ಹಿಂದಿನ ಎಕ್ಸೆಲಿಗೆ ಹೋಗುವ ಶಾಫ್ಟು ಈಗ ಹೆಚ್ಚು ಕಡಿದಾಗಿ ಇಳಿಯಬೇಕಾದ್ದರಿಂದ ಅದರ ಕ್ರಾಸ್ ಜಾಯಿಂಟುಗಳು ಸಂಕಟಪಡುತ್ತಿದ್ದವು.

ಎಲ್ಲಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು ಮರುದಿನ ಕಂಡದ್ದು. ಹಿಂಭಾಗವನ್ನು ಮತ್ತೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರಗಳನ್ನು ತೂಗಬಿಟ್ಟಾಗ, ಚಾಸಿಯಿಂದ ಎಕ್ಸೆಲಿಗೆ ಬರುವ ಬ್ರೇಕಿನ ರಬ್ಬರ್ ಹೋಸು ತಂಬೂರಿಯ ತಂತಿಯಂತೆ ಬಿಗಿದಿತ್ತು. ಹೊಸ ಶಾಕ್ ಅಬ್ಸಾರ್ಬರು ಉದ್ದದ್ದಾದ್ದರಿಂದ ಎಕ್ಸೆಲ್ ಮೊದಲಿಗಿಂತ ಕೆಳಗೆ ಇಳಿಯುತ್ತದೆ. ಹೋಸಿನ ಉದ್ದ ಮಾತ್ರ ಹಳೆಯದೇ. ಹೊಂಡವೊಂದರಲ್ಲಿ ಹಿಂಭಾಗ ಒಮ್ಮೆ ಜೋರಾಗಿ ಪುಟಿದರೆ ಆ ಹೋಸು ಕಿತ್ತುಬರುವುದು ಖಂಡಿತ. ಆಮೇಲೆ ಪೆಡಲು ತುಳಿದರೆ ಬ್ರೇಕಿನ ಎಣ್ಣೆಯೆಲ್ಲ ರಸ್ತೆಗೆ. ಮುನ್ನಾದಿನವಷ್ಟೇ ಅಜ್ಜಿಯನ್ನು ಒಳಗೆ ಕೂರಿಸಿದ್ದೆವು. ಈ ಕಿಟ್ ಹಾಕಿದ ಯಾರೇ ಆಗಲಿ, ಬೇರೆಲ್ಲ ಬಿಟ್ಟು ಇದೊಂದನ್ನು ಇಂದೇ ಬಗ್ಗಿ ನೋಡಬೇಕು.

ಆ ರಾತ್ರಿ ಊಟದ ಮೇಲೆ ಅಳಿಯನ ಹಳೆಯ ನೋಟು ಪುಸ್ತಕದಲ್ಲಿ ಒಂದು ಲೆಕ್ಕ ಮಾಡಿ ತೋರಿಸಿದೆ. ಚಕ್ರದಿಂದ ಚಕ್ರಕ್ಕೆ ಅಗಲ 120 ಸೆಂಟಿಮೀಟರು, ಜೀಪಿನ ಗುರುತ್ವಕೇಂದ್ರ ನೆಲದಿಂದ 70 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಅದು ಬದಿಗೆ ಸುಮಾರು 41 ಡಿಗ್ರಿ ವಾಲುವ ವರೆಗೆ ಮಗುಚದೆ ನಿಲ್ಲುತ್ತದೆ. ಗುರುತ್ವಕೇಂದ್ರ 7 ಸೆಂಟಿಮೀಟರಿನಷ್ಟು ಏರಿದರೆ 38ಕ್ಕೆ ಇಳಿಯುತ್ತದೆ. “ಮೂರು ಡಿಗ್ರಿ ಅಲ್ವಾ ಮಾವ,” ಎಂದ. ನಿಂತ ಜೀಪಿಗೆ ಮೂರು ಡಿಗ್ರಿ. ತಿರುವಿನಲ್ಲಿ ಓಡುವ, ಹಿಂದೆ ಮೂಟೆ ಹೇರಿದ, ಒಂದು ಬದಿ ತೋಟದ ಕಡೆಗೆ ಜರಿದ ದಾರಿಯಲ್ಲಿರುವ ಜೀಪಿಗೆ ಮೊದಲೇ ಉಳಿದಿರುವ ಡಿಗ್ರಿ ಎಷ್ಟು ಎಂದು ಕೇಳಿದೆ. ಪುಸ್ತಕ ಮಡಚಿಟ್ಟ.

ಕಾನೂನಿನ ಮಾತು

ಜೀಪಿನ ನೋಂದಣಿ ನವೀಕರಣ 2025ರ ಏಪ್ರಿಲಿನಲ್ಲಿ ಬರುವುದಿತ್ತು. ಖಾಸಗಿ ಗಾಡಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಬೇಕಷ್ಟೆ. ವಿಚಾರಿಸಿ ಬರೋಣವೆಂದು ಕಚೇರಿಗೆ ಹೋದೆವು. ಅರ್ಜಿ ನಮೂನೆ ಇಂಗ್ಲಿಷಿನಲ್ಲಿ, ಗೋಡೆಯ ಸೂಚನೆ ಮಲಯಾಳದಲ್ಲಿ, ನಮ್ಮ ಸಂಶಯ ಕನ್ನಡದಲ್ಲಿ. ಆದರೂ ಅಲ್ಲಿದ್ದ ಅಧಿಕಾರಿ ತಾಳ್ಮೆಯಿಂದ ವಿವರಿಸಿದರು.

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲಕನು ವಾಹನವನ್ನು ಮಾರ್ಪಡಿಸಕೂಡದು. ಈ ಕಲಮಿನ ಅರ್ಥವೇನೆಂಬ ವ್ಯಾಜ್ಯ ಸುಪ್ರೀಂ ಕೋರ್ಟಿನ ವರೆಗೆ ಹೋದದ್ದು ನಮ್ಮ ಕೇರಳದಿಂದಲೇ. ರಾಜ್ಯದ ನಿಯಮಗಳ ಆಧಾರದಿಂದ ಕೆಲವು ಮಾರ್ಪಾಡುಗಳಿಗೆ ಆಸ್ಪದವಿದೆ ಎಂದಿದ್ದ ಕೇರಳ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟು 2019ರ ಜನವರಿ 9ರಂದು ತಳ್ಳಿಹಾಕಿತು. ಅದೇ ವರ್ಷ ಕಾಯಿದೆಗೆ ತಿದ್ದುಪಡಿ ಬಂದು, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲಕನಿಗೆ ಆರು ತಿಂಗಳ ವರೆಗೆ ಸೆರೆ, ಇಲ್ಲವೆ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ, ಇಲ್ಲವೆ ಎರಡೂ ಎಂಬ 182ಎ ಕಲಮು ಸೇರಿತು. ಮಾಲಕನೆಂದರೆ ಇಲ್ಲಿ ಭಾವ. ಕಿಟ್ ತರಿಸಿದವನು ಮಗನಾದರೂ ಕಾಗದದಲ್ಲಿರುವ ಹೆಸರು ಅಪ್ಪನದು. ಅಪಘಾತವಾದರೆ ವಿಮೆಯವರು ಇದೇ ಕಾರಣವನ್ನು ಮುಂದಿಡುವ ಸಂಭವವೂ ಉಂಟು. ಅಧಿಕಾರಿ ಕೊನೆಗೆ ಹೇಳಿದ್ದು ನನಗೆ ಹಿಡಿಸಿತು. ಮುರಿದ ಪ್ಲೇಟು ತೆಗೆದು ಅದೇ ಅಳತೆಯದು ಹಾಕಿದರೆ ರಿಪೇರಿ, ಅದಕ್ಕೆ ಯಾರೂ ಅಡ್ಡಿ ಬರುವುದಿಲ್ಲ. ಇದ್ದದ್ದಕ್ಕಿಂತ ಎತ್ತರಿಸಿದರೆ ಮಾರ್ಪಾಡು.

ಬರುವ ದಾರಿಯಲ್ಲಿ ಅಳಿಯ ಕುಂಬಳೆ ದಾಟುವ ವರೆಗೆ ಬಾಯಿ ಬಿಡಲಿಲ್ಲ. ಆಮೇಲೆ, “ಅಪ್ಪನಿಗೆ ಹೇಗೆ ಹೇಳುವುದು?” ಎಂದ. ನಾನೇ ಹೇಳಿದೆ. ಭಾವ ಕೇಳಿ, “ಹ್ಞಾ,” ಎಂದರು.

ಬಿಚ್ಚುವ ಕೆಲಸಕ್ಕೆ ಎರಡು ಭಾನುವಾರ ಸಾಕಾಯಿತು. ಕೈ ಪಳಗಿತ್ತು, ಬೋಲ್ಟುಗಳೂ ಹೊಸತು. ಕಂಪೆನಿಯ ಅಳತೆಯ ಪ್ಲೇಟುಗಳನ್ನು ಪುತ್ತೂರಿನಲ್ಲಿ ಕಟ್ಟಿಸಿ ತಂದೆವು. ಹಳೆಯದನ್ನೇ ಸುತ್ತಿಗೆಯಿಂದ ಹೊಡೆಸಿ ಬಾಗು ಕೂಡಿಸಿಕೊಡುವವರೂ ಇದ್ದಾರೆ, ಖರ್ಚು ಕಡಿಮೆ. ಆದರೆ ಹೊಡೆಸಿದ ಪ್ಲೇಟು ಬಹಳ ಕಾಲ ನಿಲ್ಲುವುದಿಲ್ಲ, ಒಂದೆರಡು ಮಳೆಗಾಲದಲ್ಲಿ ಮತ್ತೆ ಕುಸಿಯುತ್ತದೆ. ಹಾಕಿ ಇಳಿಸಿ ಅಳೆದು ನೋಡಿದಾಗ ನನಗೆ ನಗು ಬಂತು. ಹಳೆಯ ಕುಸಿದ ಸ್ಥಿತಿಗಿಂತ ಹಿಂದಿನ ಬಲಬದಿ ಎರಡು ಇಂಚಿಗೆ ಒಂದು ನೂಲು ಕಡಿಮೆ ಏರಿತ್ತು. ಅಳಿಯ ಬಯಸಿದ ಎತ್ತರದ ಬಹುಪಾಲು ಜೀಪು 1995ರಲ್ಲಿ ಹುಟ್ಟುವಾಗಲೇ ಅದರಲ್ಲಿತ್ತು.

ಉಳಿದದ್ದು ಆ ದಿಣ್ಣೆ. ಜನವರಿಯ ಕೊನೆಗೆ ಅಪ್ಪ, ಮಗ ಮತ್ತು ತೋಟದ ಕೆಲಸಕ್ಕೆ ಬರುವ ಒಬ್ಬರು ಹಾರೆ ಪಿಕ್ಕಾಸು ಹಿಡಿದು ಎರಡು ದಿನ ನಡುವಿನ ಬೆನ್ನನ್ನು ಕಡಿದು, ಆ ಮಣ್ಣನ್ನೇ ಚಕ್ರದ ಸಾಲಿಗೆ ತುಂಬಿ, ಒಡೆದ ಕೆಂಪುಕಲ್ಲು ಹಾಕಿ ಗುದ್ದಿದರು. ನೀರು ಬದಿಗೆ ಹೋಗಲು ಮೂರು ಕಡೆ ಓರೆ ಕಣಿ ತೆಗೆದರು. ಕಲ್ಲಿನ ಆ ಎರಡು ಹೋಳುಗಳೂ ಅಲ್ಲೇ ತಿರುವಿನಲ್ಲಿ ಹುಗಿದುಹೋದವು. ಏಪ್ರಿಲಿನಲ್ಲಿ ನವೀಕರಣವಾಯಿತು. ಅಜ್ಜಿ ಮಣೆಯಿಲ್ಲದೆ ಹತ್ತುತ್ತಾರೆ. ಹಿಂದಿನ ಮೆಟ್ಟಿಲು ಸ್ವಲ್ಪ ಕೆಳಗಿದ್ದರೆ ಒಳ್ಳೆಯದಿತ್ತು ಎಂಬ ಅರ್ಜಿ ಮಾತ್ರ ಇನ್ನೂ ಬಾಕಿ.

ಕಿಟ್ಟಿನ ಪ್ಲೇಟುಗಳನ್ನು ಅಂಗಡಿಯವರು ಹಿಂದೆ ತೆಗೆದುಕೊಳ್ಳಲಿಲ್ಲ. ಅವು ಗೋಣಿಯೊಳಗೆ ಅಡಿಕೆ ಕೋಣೆಯ ಮೂಲೆಯಲ್ಲಿವೆ. ಮುರಿದ ಹಳೆಯ ಪ್ಲೇಟಿನ ಎರಡು ತುಂಡುಗಳನ್ನು ಭಾವ ಆಚಾರಿಯ ಕೊಟ್ಟಿಗೆಗೆ ಒಯ್ದರು. ಜೀಪಿನ ಪ್ಲೇಟಿನಷ್ಟು ಒಳ್ಳೆಯ ಕತ್ತಿಯ ಕಬ್ಬಿಣ ಬೇರೆ ಸಿಗುವುದಿಲ್ಲವೆಂಬುದು ನಮ್ಮ ಕಡೆಯ ಆಚಾರಿಗಳೆಲ್ಲರ ಮಾತು. ಎರಡು ಕತ್ತಿಯಾದವು. ಒಂದು ಭಾವನ ಸೊಂಟದ ಕೊಕ್ಕೆಯಲ್ಲಿದೆ. ಇನ್ನೊಂದಕ್ಕೆ ಹಿಡಿ ಹಾಕಿಸಿ ಮಗನ ಕೈಗೆ ಕೊಟ್ಟು, “ಮೇಲಿನ ತೋಟದ ಸೊಪ್ಪು ಕಡಿಯುವುದುಂಟು, ನಾಳೆ ಬೇಗ ಏಳು,” ಎಂದರಂತೆ.